ಎಣ್ಣೆಗೂ ಬೀಗ, ಭಾನುವಾರ ಅಂಗಡಿಗೂ ಬೀಗ: ಮಿಜೋರಾಂ ರಾಜಕೀಯದಲ್ಲಿ ಚರ್ಚಿನ ಮಾತು ಎಷ್ಟು ನಡೆಯುತ್ತೆ?

2023ರ ಡಿಸೆಂಬರ್ 3, ಭಾನುವಾರ. ತೆಲಂಗಾಣ, ಮಧ್ಯಪ್ರದೇಶ, ರಾಜಸ್ಥಾನ, ಛತ್ತೀಸಗಢದ ವಿಧಾನಸಭೆ ಫಲಿತಾಂಶವನ್ನು ನಮ್ಮ ಕಡೆ ಜನ ಬೆಳಗಿಂದ ಸಂಜೆವರೆಗೆ ಟಿವಿ ಮುಂದೆ ಕೂತು ನೋಡಿದರು. ಆ ಪಟ್ಟಿಯಲ್ಲಿ ಐದನೇ ರಾಜ್ಯವೊಂದಿತ್ತು, ಮಿಜೋರಾಂ. ಅಲ್ಲಿ ಮಾತ್ರ ಆ ದಿನ ಮತ ಎಣಿಕೆ ನಡೆಯಲಿಲ್ಲ. ಭಾನುವಾರ ಚರ್ಚಿಗೆ ಹೋಗುವ ದಿನ, ಅವತ್ತು ಎಣಿಕೆ ಬೇಡ ಎಂದು ಅಲ್ಲಿನ ಚರ್ಚುಗಳು, ಸಂಘ ಸಂಸ್ಥೆಗಳು, ರಾಜಕೀಯ ಪಕ್ಷಗಳು ಒಟ್ಟಾಗಿ ಪಟ್ಟು ಹಿಡಿದಿದ್ದವು. ಐಜ್ವಾಲ್‌ನಲ್ಲಿ ಪ್ರತಿಭಟನೆಯೂ ಆಯ್ತು. ಕೊನೆಗೆ ಡಿಸೆಂಬರ್ 1ರಂದು ಚುನಾವಣಾ ಆಯೋಗ ಎಣಿಕೆಯನ್ನು ಸೋಮವಾರಕ್ಕೆ, ಅಂದರೆ ಡಿಸೆಂಬರ್ 4ಕ್ಕೆ ಹಾಕಿತು.

ಅಧಿಕಾರದಲ್ಲಿದ್ದವರು, ವಿರೋಧದಲ್ಲಿದ್ದವರು ಎಲ್ಲರೂ ಒಂದೇ ಅರ್ಜಿಗೆ ಸಹಿ ಹಾಕುವ ವಿಷಯ ನಮ್ಮ ರಾಜ್ಯದಲ್ಲಿ ಕಾವೇರಿ ಬಿಟ್ಟರೆ ಇನ್ನೊಂದು ಸಿಗುವುದು ಕಷ್ಟ. ಮಿಜೋರಾಂನಲ್ಲಿ ಭಾನುವಾರ ಅಂಥದ್ದು.

ನಮ್ಮ ಭಾಗದ ಅಡಿಕೆ ಬೆಳೆಗಾರರಿಗೆ ಮಿಜೋರಾಂ ಹೆಸರು ಹೊಸದಲ್ಲ. ಬರ್ಮಾ ಅಡಿಕೆ ಕಳ್ಳ ದಾರಿಯಲ್ಲಿ ಒಳಗೆ ಬರುವ ರಾಜ್ಯ ಅಂತ ಅದರ ಹೆಸರು ಆಗಾಗ ಕೇಳಿಬರುತ್ತೆ. ಅದು ಬಿಟ್ಟರೆ ಆ ರಾಜ್ಯದ ಬಗ್ಗೆ ಇಲ್ಲಿ ಯಾರಿಗೂ ಹೆಚ್ಚು ಗೊತ್ತಿಲ್ಲ. ಆದರೆ ಮದ್ಯದಂಗಡಿ ಬೇಕೋ ಬೇಡವೋ, ಚುನಾವಣೆಯಲ್ಲಿ ದುಡ್ಡು ಚೆಲ್ಲೋದನ್ನ ತಡೆಯೋದು ಹೇಗೆ, ಧರ್ಮದವರು ಸರ್ಕಾರಕ್ಕೆ ಎಷ್ಟು ಹೇಳಬಹುದು ಎಂಬ ಪ್ರಶ್ನೆಗಳು ಇಲ್ಲಿಯವೂ ಹೌದು. ಅವಕ್ಕೆ ಅಲ್ಲಿ ಏನು ಉತ್ತರ ಸಿಕ್ಕಿದೆ ಎಂಬುದರ ವಿವರ ಇಲ್ಲಿದೆ.

ಚಿಕ್ಕ ರಾಜ್ಯ, ದೊಡ್ಡ ಚರ್ಚು

2011ರ ಜನಗಣತಿ ಪ್ರಕಾರ ಮಿಜೋರಾಂ ಜನಸಂಖ್ಯೆ ಸುಮಾರು 10.97 ಲಕ್ಷ. ನಮ್ಮ ಹೆಚ್ಚಿನ ಜಿಲ್ಲೆಗಳಷ್ಟೂ ಇಲ್ಲ. ಅದರಲ್ಲಿ ಶೇ 87 ಮಂದಿ ಕ್ರೈಸ್ತರು. ಸಾಕ್ಷರತೆ ಶೇ 91 ದಾಟಿದೆ. ವಿಧಾನಸಭೆಯಲ್ಲಿ 40 ಸ್ಥಾನ, ಅದರಲ್ಲಿ 39 ಪರಿಶಿಷ್ಟ ಪಂಗಡಕ್ಕೆ ಮೀಸಲು. ಲೋಕಸಭೆಗೆ ಒಬ್ಬರೇ ಸಂಸದರು.

ಲೋರೈನ್ ಮತ್ತು ಸ್ಯಾವಿಜ್ ಎಂಬ ಇಬ್ಬರು ಮಿಷನರಿಗಳು 1894ರ ಜನವರಿ 11ರಂದು ಈ ಗುಡ್ಡಗಾಡಿಗೆ ಬಂದರು. ಲಿಪಿ ಇಲ್ಲದಿದ್ದ ಮಿಜೋ ಭಾಷೆಗೆ ರೋಮನ್ ಅಕ್ಷರ ಜೋಡಿಸಿದವರು ಅವರೇ. ಜನವರಿ 11 ಇವತ್ತಿಗೂ ಅಲ್ಲಿ ಸರ್ಕಾರಿ ರಜೆ. ಮೂರು ವರ್ಷ ಬಿಟ್ಟು ವೇಲ್ಸ್‌ನಿಂದ ಪ್ರೆಸ್ಬಿಟೇರಿಯನ್ ಮಿಷನ್‌ನವರು ಬಂದರು. ಉತ್ತರದಲ್ಲಿ ಪ್ರೆಸ್ಬಿಟೇರಿಯನ್, ದಕ್ಷಿಣದಲ್ಲಿ ಬ್ಯಾಪ್ಟಿಸ್ಟ್ ಅಂತ ಹಂಚಿಕೆಯಾಯ್ತು. ಈಗಲೂ ಹೆಚ್ಚೂಕಮ್ಮಿ ಹಾಗೇ ಇದೆ.

ವೇಲ್ಸ್‌ನವರು ಬಂದದ್ದು ಮುಖ್ಯ ಸಂಗತಿ. ಆ ಕಾಲದ ವೇಲ್ಸ್‌ನಲ್ಲಿ ಕುಡಿತದ ವಿರುದ್ಧ ಚರ್ಚಿನವರ ಚಳವಳಿ ಎಷ್ಟು ಜೋರಾಗಿತ್ತೆಂದರೆ, ಭಾನುವಾರ ಹೆಂಡದಂಗಡಿ ಮುಚ್ಚಬೇಕು ಅಂತ ವೇಲ್ಸ್‌ಗೆಂದೇ ಪ್ರತ್ಯೇಕ ಕಾನೂನು 1881ರಲ್ಲೇ ಬಂದಿತ್ತು. ಅಲ್ಲಿಂದ ಹೊರಟ ಪಾದ್ರಿಗಳು ಬೈಬಲ್ ಜೊತೆ ಈ ಮಡಿವಂತಿಕೆಯನ್ನೂ ಹೊತ್ತು ತಂದರು. ಮಿಜೋ ಜನರಿಗೆ ಅಕ್ಕಿಯಿಂದ ಮಾಡುವ 'ಜು' ಎಂಬ ಹೆಂಡ ಹಬ್ಬಕ್ಕೂ ಬೇಕು, ಸಾವಿಗೂ ಬೇಕು. ಕ್ರೈಸ್ತನಾದವನು ಅದನ್ನು ಮುಟ್ಟಬಾರದು ಅಂತಾಯ್ತು. ಜು ಇದ್ದ ಜಾಗಕ್ಕೆ ಟೀ ಬಂತು. ಕುಡಿಯುವುದು, ಕುಡಿಯದಿರುವುದು ಅಭ್ಯಾಸದ ಮಾತಾಗಿ ಉಳಿಯಲಿಲ್ಲ, ಯಾರು ನಮ್ಮವರು ಯಾರು ಅಲ್ಲ ಅನ್ನೋ ಗುರುತಾಯ್ತು.

ನಮ್ಮ ಕರಾವಳಿಯಲ್ಲೂ ಇದೇ ರೀತಿಯದು ನಡೆದಿದೆ. 1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಪ್ರೊಟೆಸ್ಟಂಟರದ್ದು. ಮತಾಂತರವಾದ ಬಿಲ್ಲವರು ಶೇಂದಿ ಇಳಿಸುವ ಕಸುಬು ಮುಂದುವರಿಸೋದು ಅವರಿಗೆ ಒಪ್ಪಿಗೆ ಇರಲಿಲ್ಲ. ಕಸುಬು ಬಿಡಿಸಿದ ಮೇಲೆ ಹೊಟ್ಟೆಗೆ ದಾರಿ ತೋರಿಸಬೇಕಲ್ಲ? ಮಿಷನ್ ನೇಯ್ಗೆ, ಹೆಂಚಿನ ಕಾರ್ಖಾನೆ ಶುರು ಮಾಡಿದ್ದಕ್ಕೆ ಇದೂ ಒಂದು ಕಾರಣ. ಮಂಗಳೂರು ಹೆಂಚಿನ ಕಥೆಯಲ್ಲಿ ಶೇಂದಿಯ ಪಾಲೂ ಇದೆ.

ಎಲ್ಲ ಕ್ರೈಸ್ತರೂ ಹೀಗೇ ಅಂದುಕೊಳ್ಳಬಾರದು. ಕ್ಯಾಥೊಲಿಕರ ಪೂಜೆಯಲ್ಲೇ ದ್ರಾಕ್ಷಾರಸ ಇದೆ. ಗೋವಾ, ಮಂಗಳೂರಿನ ಕ್ಯಾಥೊಲಿಕರ ಮದುವೆಯಲ್ಲಿ ಗ್ಲಾಸ್ ಎತ್ತುವುದು ಪಾಪವಲ್ಲ. ಮೇಘಾಲಯವೂ ಕ್ರೈಸ್ತ ಬಹುಸಂಖ್ಯಾತ ರಾಜ್ಯ, ಅಲ್ಲಿ ಪ್ರೆಸ್ಬಿಟೇರಿಯನ್ನರೂ ಬಹಳ. ಆದರೂ ಅಲ್ಲಿ ಪಾನನಿಷೇಧ ಇಲ್ಲ. 2020ರಲ್ಲಿ ಮನೆಯಲ್ಲಿ ತಯಾರಿಸುವ ಹಣ್ಣಿನ ವೈನ್‌ಗೂ ಅಲ್ಲಿನ ಸರ್ಕಾರ ಕಾನೂನು ಮಾನ್ಯತೆ ಕೊಟ್ಟಿತು.

ಚರ್ಚಿಗೆ ಈ ಬಲ ಎಲ್ಲಿಂದ

ಪಾದ್ರಿ ಹೇಳಿದ, ಜನ ಕೇಳಿದರು ಅನ್ನುವಷ್ಟು ಸರಳವಲ್ಲ ಇದು. ಪ್ರೆಸ್ಬಿಟೇರಿಯನ್ ಪದ್ಧತಿಯಲ್ಲಿ ಪ್ರತಿ ಊರಿನ ಸಭೆಗೂ ಹಿರಿಯರಿರುತ್ತಾರೆ. ಅವರನ್ನು ಸಭೆಯವರೇ ಮತ ಹಾಕಿ ಆರಿಸುತ್ತಾರೆ. ಮೇಷ್ಟ್ರು, ಗುಮಾಸ್ತ, ಅಧಿಕಾರಿ, ಅಂಗಡಿಯವರು, ರಾಜಕಾರಣಿ ಯಾರೂ ಹಿರಿಯರಾಗಬಹುದು. ಊರ ಸಭೆಗಳ ಮೇಲೆ ಪ್ರೆಸ್ಬಿಟರಿ, ಎಲ್ಲಕ್ಕೂ ಮೇಲೆ ಸಿನಡ್. ಗ್ರಾಮ ಪಂಚಾಯಿತಿ, ತಾಲ್ಲೂಕು ಪಂಚಾಯಿತಿ, ಜಿಲ್ಲಾ ಪಂಚಾಯಿತಿ ಇದ್ದಂತೆಯೇ.

ದುಡ್ಡಿನ ವಿಷಯದಲ್ಲೂ ಯಾರ ಹಂಗಿಲ್ಲ. ಸದಸ್ಯರು ಆದಾಯದಲ್ಲಿ ದಶಮಾಂಶ ಕೊಡುತ್ತಾರೆ. ಅದಕ್ಕಿಂತ ಗಮನ ಸೆಳೆಯುವುದು 'ಬುಹ್‌ಫಾಯ್ ಥಾಮ್', ಅಂದರೆ ಹಿಡಿ ಅಕ್ಕಿ. ಅನ್ನಕ್ಕೆ ಇಡುವಾಗಲೆಲ್ಲ ಮನೆಯ ಹೆಂಗಸರು ಒಂದು ಹಿಡಿ ಅಕ್ಕಿ ಚರ್ಚಿಗೆಂದು ಎತ್ತಿಡುತ್ತಾರೆ. ಅದನ್ನು ಒಟ್ಟು ಮಾಡಿ ಮಾರಿ ಬಂದ ಹಣದಲ್ಲಿ ಚರ್ಚಿನ ಕೆಲಸ ನಡೆಯುತ್ತೆ. ಮಠಕ್ಕೆ ಮುಷ್ಟಿ ಅಕ್ಕಿ ಕೊಟ್ಟು ಗೊತ್ತಿರುವ ನಮ್ಮವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಇನ್ನೊಂದು ಕಾರಣ ಇತಿಹಾಸದಲ್ಲಿದೆ. 1966ರ ಮಾರ್ಚ್‌ನಲ್ಲಿ ಮಿಜೋ ನ್ಯಾಷನಲ್ ಫ್ರಂಟ್, ಅಂದರೆ ಎಂಎನ್ಎಫ್, ಬಂಡಾಯ ಎದ್ದಿತು. ಭಾರತದ ವಾಯುಪಡೆಯೇ ಐಜ್ವಾಲ್ ಮೇಲೆ ಬಾಂಬ್ ಹಾಕಿತು. ಇಪ್ಪತ್ತು ವರ್ಷ ಕರ್ಫ್ಯೂ, ಕಾಡು, ಗುಂಡು. ಆ ಕಾಲದಲ್ಲಿ ಎರಡೂ ಕಡೆಯವರ ಜೊತೆ ಮಾತಾಡಬಲ್ಲವರಾಗಿ ಉಳಿದವರು ಚರ್ಚಿನ ಮುಖಂಡರು. 1986ರ ಜೂನ್ 30ರಂದು ಒಪ್ಪಂದವಾಗಿ, 1987ರ ಫೆಬ್ರುವರಿ 20ರಂದು ಮಿಜೋರಾಂ ಪೂರ್ಣ ರಾಜ್ಯವಾಯ್ತು. ಬಂದೂಕು ಇಳಿಸಿದ ಎಂಎನ್ಎಫ್ ರಾಜಕೀಯ ಪಕ್ಷವಾಯ್ತು. 'ದೇವರಿಗಾಗಿ, ನಮ್ಮ ನಾಡಿಗಾಗಿ' ಅನ್ನೋದು ಆ ಪಕ್ಷದ ಘೋಷವಾಕ್ಯ.

ಬಂದ್, ಓಪನ್, ಮತ್ತೆ ಬಂದ್

ಚರ್ಚಿನ ಮಾತು ಕಾನೂನಾದದ್ದು ಎಲ್ಲಕ್ಕಿಂತ ಸ್ಪಷ್ಟವಾಗಿ ಕಾಣುವುದು ಮದ್ಯದಲ್ಲಿ. ಪೂರ್ಣ ಪಾನನಿಷೇಧದ ಕಾನೂನು 1995ರಲ್ಲಿ ಆಯ್ತು, ಜಾರಿಯಾದದ್ದು 1997ರ ಫೆಬ್ರುವರಿ 20ರಂದು, ರಾಜ್ಯಕ್ಕೆ ಹತ್ತು ವರ್ಷ ತುಂಬಿದ ದಿನ. ಆಗ ಮುಖ್ಯಮಂತ್ರಿ ಕಾಂಗ್ರೆಸ್‌ನ ಲಾಲ್ ಥನ್ಹಾವ್ಲಾ. ಒಂದು ಸಣ್ಣ ಕಿಂಡಿ ಬಿಟ್ಟದ್ದು 2007ರಲ್ಲಿ, ಎಂಎನ್ಎಫ್ ಕಾಲದಲ್ಲಿ: ರಾಜ್ಯದಲ್ಲೇ ಬೆಳೆದ ಹಣ್ಣಿನ ವೈನ್‌ಗೆ ಒಪ್ಪಿಗೆ ಸಿಕ್ಕಿತು. ಚಂಫಾಯ್, ಹ್ನಾಹ್ಲಾನ್ ಕಡೆಯ ದ್ರಾಕ್ಷಿ ಬೆಳೆಗಾರರು ತಯಾರಿಸಿದ ವೈನ್ 'ಜಾವ್ಲಾಯ್ಡಿ' ಹೆಸರಲ್ಲಿ ಬಂತು. ಅದಕ್ಕೆ ಬಳಸುವ ದ್ರಾಕ್ಷಿ ಯಾವುದು ಗೊತ್ತಾ? ನಮ್ಮ ಬೆಂಗಳೂರು ಬ್ಲೂ ತಳಿ. ದೇವನಹಳ್ಳಿ, ಚಿಕ್ಕಬಳ್ಳಾಪುರದ ತೋಟಗಳ ಆ ಕಪ್ಪು ದ್ರಾಕ್ಷಿಯೇ.

ಕಾನೂನು ಬಂತು ಅಂತ ಕುಡಿತ ನಿಲ್ಲಲಿಲ್ಲ. ಅಸ್ಸಾಂ ಕಡೆಯಿಂದ ಬಾಟಲಿ, ಬರ್ಮಾ ಕಡೆಯಿಂದ ಬಿಯರ್, ಊರ ಪಕ್ಕದ ಹಳ್ಳದಲ್ಲಿ ಕಳ್ಳಬಟ್ಟಿ. ಅದೇ ಲಾಲ್ ಥನ್ಹಾವ್ಲಾ ಮತ್ತೆ ಮುಖ್ಯಮಂತ್ರಿಯಾಗಿದ್ದಾಗ, ನಿಷೇಧ ಸೋತಿದೆ, ಕಲಬೆರಕೆ ಕುಡಿದು ಜನ ಸಾಯುವುದಕ್ಕಿಂತ ಲೆಕ್ಕದಲ್ಲಿ ಮಾರೋಣ ಅಂದರು. 2014ರಲ್ಲಿ ಹೊಸ ಕಾನೂನು ಬಂತು. 2015ರಲ್ಲಿ ಅಂಗಡಿ ತೆರೆದವು. ಪರ್ಮಿಟ್ ಕಾರ್ಡ್ ಇದ್ದವರಿಗೆ ಮಾತ್ರ, ತಿಂಗಳಿಗೆ ಇಷ್ಟೇ ಬಾಟಲಿ. ಚರ್ಚುಗಳು ಇದನ್ನು ಕಟುವಾಗಿ ವಿರೋಧಿಸಿದವು.

2018ರ ಚುನಾವಣೆಯಲ್ಲಿ ಎಂಎನ್ಎಫ್ ಇದನ್ನೇ ಹಿಡಿಯಿತು. ಗೆದ್ದರೆ ಮತ್ತೆ ಪೂರ್ತಿ ಬಂದ್ ಅಂತ ಮಾತು ಕೊಟ್ಟಿತು. 34 ಸ್ಥಾನ ಇದ್ದ ಕಾಂಗ್ರೆಸ್ 5ಕ್ಕೆ ಇಳಿಯಿತು. ಲಾಲ್ ಥನ್ಹಾವ್ಲಾ ನಿಂತ ಎರಡೂ ಕ್ಷೇತ್ರದಲ್ಲಿ ಸೋತರು. ಬರೀ ಎಣ್ಣೆಯಿಂದಲೇ ಸೋತರು ಅನ್ನೋಕಾಗಲ್ಲ. ಹತ್ತು ವರ್ಷ ಆಳಿದವರ ಮೇಲೆ ಬೇಸರ ಹೇಗೂ ಇರುತ್ತೆ. ಆದರೆ 26 ಸ್ಥಾನ ಗೆದ್ದ ಎಂಎನ್ಎಫ್‌ನ ಜೋರಾಂಥಂಗಾ ಸರ್ಕಾರ ತಡ ಮಾಡಲಿಲ್ಲ. 2019ರ ಮಾರ್ಚ್ 20ರಂದು ನಿಷೇಧ ಮಸೂದೆ ಪಾಸಾಗಿ, ಮೇ 28ರಿಂದ ಜಾರಿಯಾಯ್ತು. ನಾಲ್ಕು ವರ್ಷ ವ್ಯಾಪಾರ ಮಾಡಿದ ಲೈಸೆನ್ಸ್‌ದಾರರು ಶಟರ್ ಎಳೆದರು.

2023ರಲ್ಲಿ ಮತ್ತೆ ಸರ್ಕಾರ ಬದಲು. ಮಾಜಿ ಐಪಿಎಸ್ ಅಧಿಕಾರಿ ಲಾಲ್‌ದುಹೋಮಾ ಅವರ ಜೋರಾಂ ಪೀಪಲ್ಸ್ ಮೂವ್‌ಮೆಂಟ್ 40ರಲ್ಲಿ 27 ಗೆದ್ದಿತು. 2018ರಲ್ಲಿ ಸೆರ್ಚಿಪ್ ಕ್ಷೇತ್ರದಲ್ಲಿ ಲಾಲ್ ಥನ್ಹಾವ್ಲಾ ಅವರನ್ನು ಸೋಲಿಸಿದ್ದೂ ಇವರೇ. ಇವರ ಸರ್ಕಾರ 2025ರ ಮಾರ್ಚ್ 10ರಂದು ತಿದ್ದುಪಡಿ ತಂದಿತು. ಸ್ಥಳೀಯವಾಗಿ ಬೆಳೆದ ಹಣ್ಣು, ಅಕ್ಕಿಯಿಂದ ಮಾಡಿದ ವೈನ್, ಬಿಯರ್ ತಯಾರಿಸಿ ಮಾರಲು ಲೈಸೆನ್ಸ್ ಕೊಡಬಹುದು ಎಂಬುದು ಅದರ ಸಾರ. ವಿಸ್ಕಿ, ರಮ್‌ಗೆ ನಿಷೇಧ ಹಾಗೇ ಇದೆ. ರೈತರ ಹಣ್ಣು ಕೊಳೆಯಬಾರದು ಅನ್ನುವುದು ಸರ್ಕಾರದ ವಾದ.

ಎರಡೂ ಕಡೆಯ ವಾದ

ಚರ್ಚಿನವರನ್ನು ಬರೀ ಹಳೇ ಕಾಲದವರು ಅಂತ ತಳ್ಳಿಹಾಕುವುದು ಸುಲಭ. ಅವರ ವಾದದಲ್ಲಿ ತಿರುಳಿದೆ. ಕುಡುಕನ ಸಂಸಾರ ಬೀದಿಗೆ ಬಿದ್ದರೆ ಮೊದಲು ಹೆಗಲು ಕೊಡುವುದು ಊರ ಸಭೆ. ಆ ಹೆಂಡತಿಯ ಕಣ್ಣೀರು ನೋಡುವವರು, ಆ ಮಕ್ಕಳಿಗೆ ಶಾಲೆ ಹುಡುಕುವವರು ಅವರೇ. ಅಬಕಾರಿ ಆದಾಯದ ಲೆಕ್ಕ ಹೇಳುವ ಸರ್ಕಾರ ಆಸ್ಪತ್ರೆ ಖರ್ಚು, ಮುರಿದ ಮನೆಗಳ ಲೆಕ್ಕ ಹೇಳಲ್ಲ ಅನ್ನುವುದು ಅವರ ಮಾತು. ಕಾನೂನು ಸೋತಿದೆ ಅಂದರೆ ಜಾರಿ ಮಾಡಬೇಕಾದವರು ಸೋತಿದ್ದಾರೆ ಅಂತರ್ಥ, ಕಳ್ಳತನ ನಿಲ್ಲಲಿಲ್ಲ ಅಂತ ಕಳ್ಳತನದ ವಿರುದ್ಧದ ಕಾನೂನನ್ನೇ ತೆಗೀತೀರಾ ಅಂತಲೂ ಕೇಳುತ್ತಾರೆ.

ಇದು ಕ್ರೈಸ್ತರ ಮಾತಷ್ಟೇ ಅಲ್ಲ. 2019ರ ಜನವರಿಯಲ್ಲಿ ಚಿತ್ರದುರ್ಗದಿಂದ ಬೆಂಗಳೂರಿಗೆ ಸಾವಿರಾರು ಹೆಂಗಸರು ಮದ್ಯ ನಿಷೇಧಿಸಿ ಅಂತ ನಡೆದುಕೊಂಡು ಬಂದಾಗ ಇದೇ ಮಾತು ಕೇಳಿತ್ತು. ಗುಜರಾತ್, ಬಿಹಾರದ ನಿಷೇಧಕ್ಕೂ ಚರ್ಚಿಗೂ ಸಂಬಂಧವಿಲ್ಲ. ಮಣಿಪುರದಲ್ಲಿ 1991ರಲ್ಲಿ ನಿಷೇಧ ಬಂದದ್ದರ ಹಿಂದೆ ಇದ್ದದ್ದು ಪಂಜು ಹಿಡಿದು ರಾತ್ರಿ ಗಸ್ತು ತಿರುಗಿದ ಮೈತೇಯಿ ತಾಯಂದಿರು.

ವಿರೋಧದ ವಾದವೂ ಗಟ್ಟಿಯಾಗೇ ಇದೆ. ಕುಡಿಯುವವನು ನಿಲ್ಲಿಸಲ್ಲ, ಕತ್ತಲಲ್ಲಿ ಕುಡಿಯುತ್ತಾನೆ, ದುಡ್ಡು ಕಳ್ಳಸಾಗಣೆದಾರರ ಜೇಬಿಗೆ ಹೋಗುತ್ತೆ. ಬಾಟಲಿ ಸಿಗದ ಹುಡುಗರು ಹೆರಾಯಿನ್, ಮಾತ್ರೆ ಕಡೆ ತಿರುಗುತ್ತಾರೆ ಎಂಬ ಭಯ ಬೇರೆ. ಬರ್ಮಾ ಜೊತೆ 510 ಕಿ.ಮೀ. ಗಡಿ ಇರುವ ರಾಜ್ಯದಲ್ಲಿ ಅದು ಕಾಲ್ಪನಿಕ ಭಯವಲ್ಲ. ಇನ್ನು ಜನಸಂಖ್ಯೆಯಲ್ಲಿ ಕ್ರೈಸ್ತರಲ್ಲದವರೂ ಇದ್ದಾರೆ. ಚಕ್ಮಾ ಜನ ಬಹುಪಾಲು ಬೌದ್ಧರು. ಒಂದು ಚರ್ಚಿನ ಶಿಸ್ತು ಅವರಿಗೂ ಯಾಕೆ ಕಾನೂನಾಗಬೇಕು? ಈ ಪ್ರಶ್ನೆಗೆ ಚರ್ಚಿನವರಿಂದ ನೇರ ಉತ್ತರ ಸಿಗುವುದು ಅಪರೂಪ.

ಕರ್ನಾಟಕದ ದಾರಿ ಇದಕ್ಕೆ ತಿರುವುಮುರುವು. ಇಲ್ಲಿ 2007ರ ಜುಲೈ 1ರಿಂದ ಸಾರಾಯಿ ಬಂದ್ ಆಯ್ತು, ಬಾಟಲಿ ಮದ್ಯ ಉಳಿಯಿತು. 2025-26ರ ಬಜೆಟ್‌ನಲ್ಲಿ ಅಬಕಾರಿಯಿಂದ 40,000 ಕೋಟಿ ರೂಪಾಯಿ ಗುರಿ ಇಡಲಾಗಿದೆ. ಇಷ್ಟು ದುಡ್ಡಿನ ಮೇಲೆ ಕೂತ ಯಾವ ಸರ್ಕಾರವೂ, ಯಾವ ಪಕ್ಷದ್ದಾದರೂ, ನಿಷೇಧದ ಮಾತು ಎತ್ತಲ್ಲ. ಮಿಜೋರಾಂನಂಥ ಸಣ್ಣ ರಾಜ್ಯಕ್ಕೆ ಖರ್ಚಿನ ಬಹುಪಾಲು ಕೇಂದ್ರದಿಂದ ಬರುತ್ತೆ, ಹಾಗಾಗಿ ಈ ತ್ಯಾಗ ಸ್ವಲ್ಪ ಸುಲಭ ಅನ್ನೋದನ್ನೂ ಹೇಳಬೇಕು.

ಚುನಾವಣೆಗೆ ಚರ್ಚಿನ ಕಾವಲು

ಓಟಿಗೆ ನೋಟು, ಬಾಡೂಟ, ಸೀರೆ, ಕುಕ್ಕರ್ ನೋಡಿ ಸಾಕಾಗಿರುವ ಓದುಗರಿಗೆ ಈ ಭಾಗ ರುಚಿಸಬಹುದು. 2006ರಲ್ಲಿ ಪ್ರೆಸ್ಬಿಟೇರಿಯನ್ ಸಿನಡ್ ಮುಂದಾಳತ್ವದಲ್ಲಿ ಮಿಜೋರಾಂ ಪೀಪಲ್ ಫೋರಂ ಶುರುವಾಯ್ತು. ಚುನಾವಣೆ ಬಂದರೆ ಪಕ್ಷಗಳನ್ನೆಲ್ಲ ಕೂರಿಸಿ ಒಪ್ಪಂದಕ್ಕೆ ಸಹಿ ಹಾಕಿಸುತ್ತೆ. ಊಟ ಹಾಕಿಸುವಂತಿಲ್ಲ. ಮನೆಮನೆಗೆ ಹೋಗಿ ಓಟು ಕೇಳುವಂತಿಲ್ಲ. ಬ್ಯಾನರ್, ಬಾವುಟಕ್ಕೆ ಮಿತಿ. ಊರಲ್ಲಿ ಒಂದೇ ವೇದಿಕೆ ಹಾಕಿ ಎಲ್ಲ ಅಭ್ಯರ್ಥಿಗಳನ್ನೂ ಕೂರಿಸುತ್ತಾರೆ. ಒಬ್ಬರಾದ ಮೇಲೊಬ್ಬರು ಮಾತಾಡಬೇಕು, ಜನ ಕೇಳುತ್ತಾರೆ. ಇಂಥ ಪಕ್ಷಕ್ಕೆ ಓಟು ಹಾಕಿ ಅಂತ ಚರ್ಚು ಹೇಳಲ್ಲ.

ದೇಶದಲ್ಲೇ ಅತಿ ಶಾಂತ ಚುನಾವಣೆ ಮಿಜೋರಾಂನದು ಅನ್ನೋ ಹೆಸರಿಗೆ ಇದರ ಪಾಲು ದೊಡ್ಡದು. ಆಕ್ಷೇಪವೂ ಇದೆ. ಜನರಿಂದ ಆಯ್ಕೆಯಾಗದ ಒಂದು ಸಂಸ್ಥೆ ಎರಡನೇ ಚುನಾವಣಾ ಆಯೋಗದ ಥರ ನಡೆದುಕೊಳ್ಳೋದು ಸರಿಯಾ? ಮನೆಗೆ ಹೋಗಬಾರದು ಅಂದರೆ ಹೊಸ ಅಭ್ಯರ್ಥಿಯ ಮುಖ ಜನಕ್ಕೆ ಪರಿಚಯ ಆಗೋದು ಹೇಗೆ? ಹಳೇ ಹುಲಿಗಳಿಗೆ ಅನುಕೂಲ ಅಂತ ಗೊಣಗುವವರಿದ್ದಾರೆ. ಆದರೂ ಪಕ್ಷಗಳು ಸಹಿ ಹಾಕುತ್ತವೆ. ಹಾಕದವರು ಮತದಾರರ ಎದುರು ವಿವರಣೆ ಕೊಡಬೇಕಾಗುತ್ತೆ.

ಹೆಂಗಸರ ವಿಷಯದಲ್ಲಿ ಈ ಸಮಾಜ ಮುಂದಿಲ್ಲ. ಐಜ್ವಾಲ್ ಬಜಾರಿನಲ್ಲಿ ಅಂಗಡಿ ನಡೆಸುವವರಲ್ಲಿ ಹೆಂಗಸರೇ ಹೆಚ್ಚು, ಹಿಡಿ ಅಕ್ಕಿ ಎತ್ತಿಡುವವರೂ ಅವರೇ. 2018ರಲ್ಲಿ ಮಾತ್ರ ಒಬ್ಬ ಮಹಿಳೆಯೂ ವಿಧಾನಸಭೆಗೆ ಗೆಲ್ಲಲಿಲ್ಲ. 2023ರಲ್ಲಿ ಮೂವರು ಗೆದ್ದರು. ಅವರಲ್ಲಿ ಬಾರಿಲ್ ವನ್ನೆಯ್‌ಸಂಗಿ 2024ರಲ್ಲಿ ರಾಜ್ಯದ ಮೊದಲ ಮಹಿಳಾ ಸ್ಪೀಕರ್ ಆದರು.

ನಾಗಾಲ್ಯಾಂಡ್ ಕಥೆ

ನಾಗಾಲ್ಯಾಂಡ್‌ನಲ್ಲೂ ಶೇ 87ಕ್ಕಿಂತ ಹೆಚ್ಚು ಕ್ರೈಸ್ತರು, ಹೆಚ್ಚಿನವರು ಬ್ಯಾಪ್ಟಿಸ್ಟರು. ಬ್ಯಾಪ್ಟಿಸ್ಟ್ ಚರ್ಚ್ ಮಂಡಳಿಯ ಒತ್ತಾಯದಿಂದ 1989ರಲ್ಲಿ ಪಾನನಿಷೇಧ ಕಾನೂನು ಬಂತು. ಕಾಗದದಲ್ಲಿ ಇನ್ನೂ ಇದೆ. ದಿಮಾಪುರದಲ್ಲಿ ಅಸ್ಸಾಂ ಗಡಿ ದಾಟಿ ಬರುವ ಬಾಟಲಿ ಸಿಗುವುದು ಯಾರಿಗೂ ಗುಟ್ಟಲ್ಲ. ಸಡಿಲಿಸೋಣ ಅಂತ ಸರ್ಕಾರ ಬಾಯಿ ತೆರೆದಾಗಲೆಲ್ಲ ಮಂಡಳಿ ಬೇಡ ಅನ್ನುತ್ತೆ, ಮಾತು ಅಲ್ಲಿಗೇ ನಿಲ್ಲುತ್ತೆ.

ಅಲ್ಲಿ ದೊಡ್ಡ ಗಲಾಟೆ ಆದದ್ದು ಬೇರೆ ವಿಷಯಕ್ಕೆ. ನಗರ ಸ್ಥಳೀಯ ಸಂಸ್ಥೆಗಳಲ್ಲಿ ಹೆಂಗಸರಿಗೆ ಶೇ 33 ಮೀಸಲಾತಿ ಕೊಟ್ಟು ಚುನಾವಣೆ ಮಾಡಲು 2017ರಲ್ಲಿ ಹೊರಟಾಗ ದಿಮಾಪುರದಲ್ಲಿ ಇಬ್ಬರು ಸತ್ತರು, ಕೊಹಿಮಾದಲ್ಲಿ ನಗರಸಭೆ ಕಟ್ಟಡಕ್ಕೆ ಬೆಂಕಿ ಬಿತ್ತು, ಮುಖ್ಯಮಂತ್ರಿ ಟಿ.ಆರ್. ಜೆಲಿಯಾಂಗ್ ರಾಜೀನಾಮೆ ಕೊಟ್ಟರು. ಇದನ್ನು ಚರ್ಚಿನ ತಲೆಗೆ ಕಟ್ಟುವುದು ತಪ್ಪು. ಮುಂದೆ ನಿಂತು ವಿರೋಧಿಸಿದ್ದು ಬುಡಕಟ್ಟು ಸಂಘಟನೆಗಳು, ಅವರು ಹಿಡಿದದ್ದು ಬೈಬಲ್ ಅಲ್ಲ, ತಮ್ಮ ಸಂಪ್ರದಾಯಕ್ಕೆ ರಕ್ಷಣೆ ಕೊಡುವ ಸಂವಿಧಾನದ 371ಎ ವಿಧಿ. ಕೊನೆಗೆ 2024ರ ಜೂನ್ 26ರಂದು, ಇಪ್ಪತ್ತು ವರ್ಷದ ನಂತರ, ಆ ಮೀಸಲಾತಿಯೊಂದಿಗೇ ಚುನಾವಣೆ ನಡೆಯಿತು. ಅದಕ್ಕೆ ಒಂದು ವರ್ಷ ಮೊದಲು, 2023ರಲ್ಲಿ, ನಾಗಾಲ್ಯಾಂಡ್ ವಿಧಾನಸಭೆಗೆ ಮೊದಲ ಬಾರಿಗೆ ಇಬ್ಬರು ಮಹಿಳೆಯರು ಗೆದ್ದು ಬಂದಿದ್ದರು.

ದಿಲ್ಲಿ ಹೇಳಿದರೂ ಕೇಳದ ವಿಷಯಗಳು

ಮಿಜೋರಾಂಗೆ 371ಜಿ ವಿಧಿ ಇದೆ. ಮಿಜೋ ಜನರ ಧಾರ್ಮಿಕ, ಸಾಮಾಜಿಕ ಆಚರಣೆ, ಸಂಪ್ರದಾಯದ ಕಾನೂನು, ಜಮೀನಿನ ಒಡೆತನಕ್ಕೆ ಸಂಬಂಧಿಸಿದ ಸಂಸತ್ತಿನ ಕಾಯ್ದೆ ಅಲ್ಲಿನ ವಿಧಾನಸಭೆ ಒಪ್ಪದೆ ಅಲ್ಲಿ ನಡೆಯಲ್ಲ. ಏಕರೂಪ ನಾಗರಿಕ ಸಂಹಿತೆ ಮಾತು ಬಂದಾಗ 2023ರ ಫೆಬ್ರುವರಿ 14ರಂದು ವಿಧಾನಸಭೆ ಅದರ ವಿರುದ್ಧ ಒಮ್ಮತದ ನಿರ್ಣಯ ಮಾಡಿತು.

ಸಂಪ್ರದಾಯವಾದಿ ಚರ್ಚು ಅಂದರೆ ಬರೀ ಬೇಡ ಬೇಡ ಅನ್ನುವುದಷ್ಟೇ ಅಲ್ಲ ಅನ್ನುವುದಕ್ಕೆ ಇನ್ನೊಂದು ಉದಾಹರಣೆ. 2021ರ ಫೆಬ್ರುವರಿಯಲ್ಲಿ ಬರ್ಮಾದಲ್ಲಿ ಸೇನೆ ಅಧಿಕಾರ ಹಿಡಿದ ಮೇಲೆ ಚಿನ್ ಜನ ಗಡಿ ದಾಟಿ ಬಂದರು, ಕಾಲಕ್ರಮೇಣ 30 ಸಾವಿರಕ್ಕೂ ಹೆಚ್ಚು. ಒಳಗೆ ಬಿಡಬೇಡಿ ಅಂತ ಕೇಂದ್ರ ಗೃಹ ಇಲಾಖೆ ಹೇಳಿತು. ಇವರು ನಮ್ಮ ರಕ್ತದವರು, ವಾಪಸ್ ಕಳಿಸಲಾರೆವು ಎಂಬ ಅರ್ಥದಲ್ಲಿ ಅಂದಿನ ಮುಖ್ಯಮಂತ್ರಿ ಜೋರಾಂಥಂಗಾ ಪ್ರಧಾನಿಗೆ ಪತ್ರ ಬರೆದರು. ಚರ್ಚುಗಳು, ಯಂಗ್ ಮಿಜೋ ಅಸೋಸಿಯೇಷನ್‌ನವರು ಅಕ್ಕಿ, ಬಟ್ಟೆ, ಸೂರು ಒದಗಿಸಿದರು. ಕಾನೂನು ಬಿಗಿ ಮಾಡಿ ಅಂತ ಹಟ ಹಿಡಿಯುವ ಅದೇ ಜನ ಇಲ್ಲಿ ಸರ್ಕಾರಿ ಆದೇಶವನ್ನೇ ಪಕ್ಕಕ್ಕಿಟ್ಟರು.

ಕೆಲಸ, ವ್ಯಾಪಾರದ ಮೇಲೆ ಆ ಕಡೆ ಹೋಗುವವರಿಗೆ: ಮಿಜೋರಾಂ ಒಳಗೆ ಹೋಗಲು ಹೊರ ರಾಜ್ಯದವರಿಗೆ ಇನ್ನರ್ ಲೈನ್ ಪರ್ಮಿಟ್ ಬೇಕು. ಭಾನುವಾರ ಐಜ್ವಾಲ್‌ನಲ್ಲಿ ಅಂಗಡಿ, ಹೋಟೆಲು ಬಹುತೇಕ ಮುಚ್ಚಿರುತ್ತವೆ, ಊಟ ತಿಂಡಿ ಶನಿವಾರವೇ ನೋಡಿಕೊಳ್ಳಬೇಕು. ಐಜ್ವಾಲ್‌ನಿಂದ ಪೂರ್ವಕ್ಕೆ ಸೆಲಿಂಗ್ ಕಡೆ ಹೋದರೆ ಹೆದ್ದಾರಿ ಪಕ್ಕ ಬಿದಿರಿನ ಗೂಡಂಗಡಿಗಳು ಸಿಗುತ್ತವೆ, ಮಾರುವವರು ಯಾರೂ ಇರಲ್ಲ. ತರಕಾರಿ ಮೇಲೆ ಬೆಲೆ ಬರೆದಿರುತ್ತಾರೆ, ದುಡ್ಡನ್ನು ಡಬ್ಬಿಗೆ ಹಾಕಿ ಚಿಲ್ಲರೆ ನೀವೇ ತಗೋಬೇಕು.